ಅಯೋವಾದ ಓಟೂ ಅಕ್ಕನ ಹಾಲಿನ ಕ್ಯಾನೂ

ನನ್ನ ಅಕ್ಕನಿಗೆ ಅಮೆರಿಕದ ಐವತ್ತು ರಾಜ್ಯಗಳ ಪೈಕಿ ಗೊತ್ತಿರುವುದು ಎರಡೇ. ಆದರೆ ಆ ಎರಡರಲ್ಲಿ ಯಾವುದರಲ್ಲಾದರೂ ಬೆಳಿಗ್ಗೆ ಅವಳನ್ನು ಇಳಿಸಿ ಬನ್ನಿ, ಸಂಜೆಯ ಹೊತ್ತಿಗೆ ಅಲ್ಲಿಯ ಅರ್ಧ ಊರು ಅವಳನ್ನು ಕೇಳದೆ ಓಟು ಹಾಕುವುದಿಲ್ಲ. ಬೇಕಾದರೆ ಬರೆದಿಟ್ಟುಕೊಳ್ಳಿ!

ಅವಳು ತಿರುಪತಿಯಿಂದಾಚೆ ಕಾಲಿಟ್ಟವಳಲ್ಲ. ಅವಳಿಗೆ ಬರುವ ಇಂಗ್ಲಿಷ್ ಎಂದರೆ ಕ್ಯಾನು, ಫ್ಯಾಟು, ಡಿಗ್ರಿ, ಮೆಷಿನ್ನು. ಕ್ಯಾಲನೂರಿನ ಹತ್ತಿರ ಒಂದು ಸಣ್ಣ ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಇದ್ದಾಳೆ. ನಾನು ಕೋಲಾರದಲ್ಲಿ ಇಂಗ್ಲಿಷ್ ಪೇಪರ್ ಹಿಡಿದುಕೊಂಡು ಇದ್ದೇನೆ. ನಮ್ಮಪ್ಪ ಇಬ್ಬರು ಹೆಣ್ಣುಮಕ್ಕಳಲ್ಲಿ ನನ್ನನ್ನು ಕಾನ್ವೆಂಟಿಗೆ ಹಾಕಿದರು, ಅವಳನ್ನು ಕೊಟ್ಟಿಗೆಗೆ ಹಾಕಿದರು. ಇದು ಅವಳದೇ ಮಾತು. ಆದರೆ ದೂರಲ್ಲ.

"ನಿಂಗೆ ಸಿಸ್ಟರುಗಳು ಸಿಕ್ಕಿದ್ರು, ನಂಗೆ ಹಸುಗಳು ಸಿಕ್ಕಿದ್ವು. ಒದೆ ಮಾತ್ರ ಇಬ್ರಿಗೂ ಸಮವಾಗಿ ಸಿಕ್ತು ಬಿಡೇ" ಎಂದು ನಗುತ್ತಾಳೆ.

ಅವಳಿಗೆ ಕಣ್ಣಿನ ಪೊರೆ ಬಂದ ಮೇಲೆ ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಹೋಗಿ ಪೇಪರ್ ಓದಿ ಹೇಳುವುದು ನನ್ನ ಡ್ಯೂಟಿ. ಮೊದಮೊದಲು ಮದುವೆ, ಸಾವು, ಕಳ್ಳತನ, ಇಷ್ಟೇ ಸಾಕಾಗಿತ್ತು. ಕಳೆದ ಅಮೆರಿಕದ ಚುನಾವಣೆ ಬಂತು ನೋಡಿ, ನನ್ನ ನೆಮ್ಮದಿ ಹೋಯಿತು!

ಸಂಕ್ರಾಂತಿ ಆಸುಪಾಸು. ಅವರೆಕಾಯಿ ಕಾಲ. ಅಕ್ಕ ನೆನೆಸಿದ ಅವರೆಕಾಳನ್ನು ಹಿದುಕುತ್ತ ಜಗಲಿಯ ಮೇಲೆ ಕೂತಿದ್ದಳು. ಹೇಳಲು ಬೇರೇನೂ ಸುದ್ದಿ ಇಲ್ಲದೆ ನಾನು ಅಯೋವಾದ ಸುದ್ದಿ ಓದಿದೆ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಗೆ ಮುಂಚೆ ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಜನರನ್ನೇ ಕೇಳುತ್ತಾರಂತೆ. ಎಲ್ಲ ರಾಜ್ಯಗಳನ್ನೂ ಒಂದೇ ದಿನ ಕೇಳುವುದಿಲ್ಲ. ಮೊದಲು ಅಯೋವಾ, ಆಮೇಲೆ ನ್ಯೂ ಹ್ಯಾಂಪ್‌ಶೈರ್, ಆಮೇಲೆ ಮಿಕ್ಕವರು. ಅಯೋವಾದಲ್ಲಂತೂ ಹೆಪ್ಪುಗಟ್ಟುವ ಚಳಿಯಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸ್ಕೂಲಿನಲ್ಲೋ ಚರ್ಚಿನಲ್ಲೋ ಸೇರಿ ಮಾತಾಡಿಕೊಂಡು ತೀರ್ಮಾನ ಹೇಳುತ್ತಾರೆ. ಮಿಕ್ಕ ದೇಶ ಅವರ ಮುಖ ನೋಡುತ್ತ ಕೂತಿರುತ್ತದೆ.

ಅಕ್ಕನ ಕೈ ನಿಂತಿತು. "ಅಲ್ಲಿ ಹಸು ಐತಾ?"

"ಇದೆ ಅಕ್ಕಾ. ಜೋಳ, ಹಂದಿ, ಹಸು. ಎಲ್ಲ ರೈತರೇ ಜಾಸ್ತಿ."

"ಹಂಗಾದ್ರೆ ನಮ್ಮ ಡೈರಿ ಕ್ಯೂ ಇದ್ದಂಗೆ ಬಿಡು" ಎಂದಳು, ಅಷ್ಟು ಸಲೀಸಾಗಿ!

ಇದು ಅರ್ಥವಾಗಬೇಕಾದರೆ ಅವರ ಊರಿನ ಡೈರಿಯ ಬೆಳಗು ನಿಮಗೆ ಗೊತ್ತಿರಬೇಕು. ಹಾಲಿನ ಸಂಘಕ್ಕೆ ಅಲ್ಲಿ ಎಲ್ಲರೂ ಡೈರಿ ಎಂದೇ ಅನ್ನುವುದು. ನಲವತ್ತು ವರ್ಷದಿಂದ ಆ ಕ್ಯೂನಲ್ಲಿ ಮೊದಲ ಕ್ಯಾನು ನಮ್ಮ ಅಕ್ಕನದು. ಮಳೆ ಬರಲಿ, ಜ್ವರ ಬರಲಿ, ಮೊದಲ ಕ್ಯಾನು ಅವಳದೇ. ಅವಳ ಹಾಲು ಗಡಿಯಾರ ಇದ್ದ ಹಾಗೆ, ಏರುವುದಿಲ್ಲ, ಇಳಿಯುವುದಿಲ್ಲ. ಆದ್ದರಿಂದ ಅವಳ ಹಾಲಿಗೆ ಮೆಷಿನ್ನು ಕಡಿಮೆ ಫ್ಯಾಟು ತೋರಿಸಿತು ಅನ್ನಿ, ಹಿಂದೆ ನಿಂತವರೆಲ್ಲ "ಲೇ, ಇವತ್ತು ಮೆಷಿನ್ ಕೆಟ್ಟೈತೆ ಕಣ್ರೋ!" ಎಂದು ಕ್ಯಾನುಗಳನ್ನು ಕೆಳಗಿಡುತ್ತಾರೆ. ಹಾಲು ಕೆಟ್ಟಿದೆ ಎಂದು ಯಾರೂ ಅನ್ನುವುದಿಲ್ಲ. ಮೆಷಿನ್ನನ್ನು ಒರೆಸಿ, ತೊಳೆದು, ಮತ್ತೆ ಅಕ್ಕನ ಹಾಲು ಹಾಕಿ ನೋಡಿ, ಆಮೇಲೆ ಮುಂದಿನ ಕ್ಯಾನು. ಅಂದರೆ ಅಕ್ಕನೇ ಆ ಊರಿನ ಅಯೋವಾ!

"ಮೊದ್ಲು ನಿಂತೋರು ತಿಳ್ಕೊಂಡು ನಿಲ್ಬೇಕು ಕಣೇ. ಹಿಂದೆ ಇರೋರು ನಮ್ಮನ್ನ ನೋಡ್ತಿರ್ತಾರೆ" ಎಂದು ಅಕ್ಕ ಕಾಳು ಹಿದುಕುವುದನ್ನು ಮುಂದುವರಿಸಿದಳು. ಅಯೋವಾ ಅವಳ ಮನಸ್ಸಿನಲ್ಲಿ ಬಸ್ಸಿನ ದಾರಿಯ ಯಲ್ದೂರಿಗಿಂತ ಒಂದು ಸ್ಟಾಪ್ ಆಚೆ ಬಂದು ನಿಂತುಬಿಟ್ಟಿತ್ತು.

ಒಂದು ಪಕ್ಷದವರು ಅಯೋವಾದ ಮೊದಲ ಸರದಿ ಕಿತ್ತು ಬೇರೆ ರಾಜ್ಯಕ್ಕೆ ಕೊಟ್ಟಿದ್ದಾರೆ ಎಂದು ಮುಂದಿನ ವಾರ ಓದಿದೆ ನೋಡಿ, ಅವತ್ತು ಊಟ ಸೇರಲಿಲ್ಲ ಅವಳಿಗೆ.

"ಅಷ್ಟ್ ವರ್ಷ ನಿಂತೋರ್ನ ಹಿಂದಕ್ಕೆ ತಳ್ಳಿ ಬೇರೆ ಕ್ಯಾನು ಇಡೋದಾ? ಕೇಳೋರು ಯಾರೂ ಇಲ್ವಾ ಆ ದೇಶದಲ್ಲಿ?"

ಅವಳ ಈ ಭಕ್ತಿ ಎಲ್ಲಿಗೆ ಹೋಗುತ್ತದೆ ನೋಡೋಣ ಎಂದು ನನ್ನ ಟ್ಯಾಬ್ಲೆಟ್ ತೆಗೆದುಕೊಂಡು ಹೋದೆ. ಒಂದು ವಿಡಿಯೋದಲ್ಲಿ ಕೆಂಪು ಮಫ್ಲರಿನ ಮುದುಕಿಯೊಬ್ಬಳು, ನಮ್ಮದೇ ವಯಸ್ಸು, ಮೊಳಕಾಲುದ್ದ ಹಿಮದಲ್ಲಿ ನಿಂತಿದ್ದಳು. ಯಾರಿಗೆ ಓಟು ಎಂದು ಕೇಳಿದ್ದಕ್ಕೆ "ಇನ್ನೂ ಡಿಸೈಡ್ ಮಾಡಿಲ್ಲ, ಆ ಅಭ್ಯರ್ಥಿಯನ್ನು ನಾನು ಎರಡೇ ಸಲ ಭೇಟಿಯಾಗಿದ್ದೇನೆ" ಅಂದಳು. ನಾನು ಅನುವಾದಿಸಿದೆ.

ಅಕ್ಕ ಬಾಯಿ ಬಿಟ್ಟುಕೊಂಡು ಕೂತಳು. "ಎರಡೇ ಸಲ ನೋಡಿದೀನಿ, ಸಾಲದು ಅಂತಾಳಾ! ಅಯ್ಯೋ ಮಹಾತಾಯಿ! ನಿಮ್ ಭಾವನ್ನ ನಾನು ಮದುವೆಗೆ ಮುಂಚೆ ಒಂದ್ಸಲಾನೂ ನೋಡಿರ್ಲಿಲ್ಲ."

ಅಂದಿನಿಂದ ಕೆಂಪು ಮಫ್ಲರಿನ ಮುದುಕಿ ನಮ್ಮ ಮನೆಯವಳಾದಳು. ಚಳಿ ಜಾಸ್ತಿಯಾದರೆ "ಪಾಪ, ಆವಮ್ಮ ಹೆಂಗವ್ಳೋ" ಎಂಬ ವಿಚಾರಣೆ.

ಆದರೆ ನಾನು ಕಾನ್ವೆಂಟಿನವಳು. ಬೋತ್ ಸೈಡ್ಸ್ ನೋಡಬೇಕು ಎಂದು ಸಿಸ್ಟರುಗಳು ತಲೆಗೆ ತುಂಬಿದ್ದಾರೆ. ಆದ್ದರಿಂದ ಇನ್ನೊಂದು ವಿಡಿಯೋ ತೋರಿಸಿದೆ. ಅದರಲ್ಲಿ ಕಾಫಿ ಹೋಟೆಲಿನಲ್ಲಿ ಕೂತಿದ್ದ ಒಬ್ಬ ದಪ್ಪ ಮನುಷ್ಯ. ಇವರಿಗೇ ಯಾಕೆ ಓಟು ಎಂದರೆ "ಬಂದು ಕೈ ಕುಲುಕಿದರು, ಒಳ್ಳೆಯವರು" ಎಂದ. ಅವರ ಯೋಜನೆಗಳೇನು ಎಂದರೆ ಹುಬ್ಬು ಹಾರಿಸಿ ದೋಸೆ ತರಹದ್ದೇನನ್ನೋ ತಿನ್ನತೊಡಗಿದ!

"ನೋಡಿದೆಯಾ ಅಕ್ಕಾ? ಮೊದಲು ನಿಂತವರಿಗೆಲ್ಲ ಎಲ್ಲ ಗೊತ್ತಿರುತ್ತೆ ಅಂದುಕೊಳ್ಳಬೇಡ. ಇವನಿಗೆ ಏನೂ ಗೊತ್ತಿಲ್ಲ" ಎಂದೆ, ಗೆದ್ದವಳ ಹಾಗೆ.

"ಕೈ ಮುಟ್ಟಿ ನೋಡಿದಾನಲ್ಲೇ! ಸಂತೇಲಿ ಕೆಚ್ಚಲು ಮುಟ್ಟಿ ನೋಡ್ದೆ ಯಾರಾನ ಹಸು ತರ್ತಾರಾ? ನೀನು ಪೇಪರ್ ಓದಿ ಹಸು ತರ್ತೀಯೇನೋ. ಸರಿ, ನೀನು ದಿನಾ ಓದ್ತೀಯಲ್ಲ, ಹೇಳು. ನಿಮ್ ವಾರ್ಡ್‌ನಲ್ಲಿ ಗೆದ್ದಿರೋರು ಯಾರು?"

ನಾನು ಗಂಟಲು ಸರಿಮಾಡಿಕೊಂಡೆ. "ಅದೇ... ಆ ಬಿಳೀ ಕಾರಿನವರು."

"ಹೆಸರು?"

ನ್ಯೂ ಹ್ಯಾಂಪ್‌ಶೈರಿನ ರಾಜಧಾನಿ ಕೇಳಿದ್ದರೆ ಹೇಳುತ್ತಿದ್ದೆ! ಇಂಗ್ಲೆಂಡಿನ ಎಂಟನೇ ಹೆನ್ರಿ ರಾಜನ ಆರು ಹೆಂಡತಿಯರನ್ನು ಕೇಳಿದ್ದರೆ ವರಸೆಯಾಗಿ ಹೇಳುತ್ತಿದ್ದೆ! ನನ್ನ ಬೀದಿಯ ದೀಪ ಉರಿಸಬೇಕಾದ ಮನುಷ್ಯನ ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ.

"ಕೈನಾದ್ರೂ ಮುಟ್ಟಿದೀಯಾ?" ಎಂದು ಅಕ್ಕ ಕನಿಕರದಿಂದ ಕೇಳಿದಳು.

ಇದೆಲ್ಲ ಆಗಿ ವರ್ಷ ಕಳೆದ ಮೇಲೆ ಅವರ ಹಾಲಿನ ಸಂಘಕ್ಕೇ ಚುನಾವಣೆ ಬಂತು. ಅಕ್ಕನ ಬೀದಿಯಿಂದ ಇಬ್ಬರು ನಿಂತರು, ಟ್ರ್ಯಾಕ್ಟರ್ ನಂಜಪ್ಪ ಮತ್ತು ಅಂಗಡಿ ಶ್ರೀರಾಮ. ಅಕ್ಕನಿಗೆ ಹಬ್ಬ! ಬೆಳಿಗ್ಗೆ ಕ್ಯೂನಲ್ಲಿ ನಿಂತು ಹಿಂದಿನ ಕ್ಯಾನಿನ ನಾರಾಯಣಮ್ಮನನ್ನು ಪರೀಕ್ಷೆ ಮಾಡಿದಳು. ನಾನೂ ಅಂದು ಅಲ್ಲೇ ಚಳಿಗೆ ಶಾಲು ಹೊದ್ದು ನಿಂತಿದ್ದೆ.

"ಏನೇ ನಾರಾಯಣಿ, ಓಟು ಯಾರಿಗೆ?"

"ನಮ್ಮ ಮನೆಯೋರು ಹೇಳ್ದೋರಿಗೆ ಅಕ್ಕಾ."

"ನಿಮ್ಮ ಮನೆಯೋನು ಯಾರಿಗಂತಾನೆ?"

"ಅವ್ರು ನಿನ್ನ ಕೇಳ್ಕೊಂಡು ಬಾ ಅಂದವ್ರೆ."

ಅದರ ಹಿಂದಿನ ಕ್ಯಾನೂ ಹಾಗೇ ಅಂದಿತು. ಅದರ ಹಿಂದಿನದೂ! ಯಾರಿಗೂ ಏನೂ ಗೊತ್ತಿಲ್ಲ, ಎಲ್ಲರೂ ಮೊದಲ ಕ್ಯಾನನ್ನು ನೋಡುತ್ತಿದ್ದಾರೆ. ದೊಡ್ಡ ದೊಡ್ಡ ಪಂಡಿತರು ಅಮೆರಿಕದ ಬಗ್ಗೆ ಬರೆಯುವುದೂ ಇದನ್ನೇ ಅಲ್ಲವೆ?

ಹಾಲು ಹಾಕಿದ ಮೇಲೆ ಗೋಡೆಗೆ ಅಂಟಿಸಿದ್ದ ಮತದಾರರ ಕರಡು ಪಟ್ಟಿಯನ್ನು ಓದು ಎಂದಳು. ನಾನು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಕ್ಕೆ ಓದಿದೆ. ಕೆಳಗಿನಿಂದ ಮೇಲಕ್ಕೆ ಓದಿದೆ. ಅಕ್ಕನ ಹೆಸರು ಇಲ್ಲ! ಮೂವತ್ತೇಳನೆಯ ನಂಬರಿನಲ್ಲಿ ಇದ್ದದ್ದು ನಮ್ಮ ಭಾವನ ಹೆಸರು, ಮುನಿವೆಂಕಟಪ್ಪ. ಭಾವ ಹೋಗಿ ಒಂಬತ್ತು ವರ್ಷವಾಗಿತ್ತು. ಹಸು ಮೇಯಿಸಿ, ಹಾಲು ಕರೆದು, ಕ್ಯಾನು ಹೊತ್ತು ತಂದವಳಿಗೆ ಓಟಿಲ್ಲ, ಸ್ವರ್ಗದಲ್ಲಿ ಕಾಲು ಚಾಚಿ ಕೂತವರಿಗೆ ಓಟು!

ನಾನು ಸಂಘದ ಸೆಕ್ರೆಟರಿಯ ಮೇಲೆ ಎಗರಾಡಿದೆ. ಅವನು ಪಾಪ, ಕೈ ಮುಗಿದ. "ಏನಮ್ಮಾ ಮಾಡ್ಲಿ? ಒಂಬತ್ತು ವರ್ಷದಿಂದ ಹೇಳ್ತಿದೀನಿ, ಯಜಮಾನ್ರ ಮೆಂಬರ್‌ಶಿಪ್ ನಿನ್ ಹೆಸರಿಗೆ ಮಾಡ್ಸ್ಕೋ ಅಕ್ಕಾ ಅಂತ. ಕೇಳ್ತಾಳಾ? ಇದು ಕರಡು ಪಟ್ಟಿ. ಶುಕ್ರವಾರದೊಳಗೆ ಅರ್ಜಿ ಕೊಟ್ರೆ ಓಟು ಸಿಗುತ್ತೆ. ಶನಿವಾರ ಬಂದ್ರೆ ನಾನೇನೂ ಮಾಡಕ್ಕಾಗಲ್ಲ."

"ಬರೀತೀಯಾ ಅಕ್ಕಾ?" ಎಂದೆ. ಅಕ್ಕನಿಗೆ ತಟ್ಟನೆ ನೂರು ಕೆಲಸ ನೆನಪಾದವು. ಫೋಟೋ ಬೇಕಂತೆ, ಈ ಮುಖ ಹಸುವಿಗೆ ಗೊತ್ತಿದ್ದರೆ ಸಾಕಂತೆ. ಸೋಮವಾರ ಒಳ್ಳೆಯ ದಿನವಲ್ಲವಂತೆ, ಮಂಗಳವಾರವಂತೂ ಬೇಡವೇ ಬೇಡವಂತೆ. ಬುಧವಾರ ಮಾಲೂರಿನಿಂದ ಮಗಳು ಫೋನ್ ಮಾಡುತ್ತಾಳಂತೆ. ಫೋನಿಗೆ ಇಡೀ ದಿನ ಬೇಕೆ?

ಆದರೆ ಅಭ್ಯರ್ಥಿಗಳನ್ನು ಬಿಟ್ಟಳೇ? ಇಲ್ಲ. ಕೆಂಪು ಮಫ್ಲರಿನವಳು ಎರಡು ಸಲ ಸಾಲದು ಅಂದಳಲ್ಲ, ಇವಳು ಮೂರು ಸಲ ಕರೆಸಿದಳು. ಅಂಗಡಿ ಶ್ರೀರಾಮ ಎರಡು ಸಲ ಬಂದು, ಎರಡು ಲೋಟ ಕಾಫಿ ಕುಡಿದು, ಮೂರನೆಯ ಸಲವೂ ಬರುತ್ತೇನೆ ಎಂದು ಹೋದ. ಟ್ರ್ಯಾಕ್ಟರ್ ನಂಜಪ್ಪ ಹಾರ ಹಾಕಿಕೊಂಡು ಹತ್ತು ಜನರ ಜೊತೆ ಬಂದಾಗ ಅಕ್ಕ ಹಾಲು ಕರೆಯುತ್ತಿದ್ದಳು. ಹತ್ತು ಜನ ಹೊರಗೆ ನಿಂತರು. ನಂಜಪ್ಪನನ್ನು ಮಾತ್ರ ಒಳಕ್ಕೆ, ಸೀದಾ ಕೊಟ್ಟಿಗೆಗೆ, ಗೌರಿ ಹಸುವಿನ ಬಾಲದ ಹತ್ತಿರಕ್ಕೆ ಕರೆದಳು.

"ಅಯೋವಾದಲ್ಲಿ ಮನೆ ಒಳಗೇ ಬಂದು ಮಾತಾಡ್ತಾರಂತೆ ನಂಜಪ್ಪಾ. ನಿಂತ್ಕೋ. ಕರೆಯೋ ಹಸೂಗೆ ದಿನಕ್ಕೆ ಎಷ್ಟು ನೀರು ಬೇಕು?"

ಅಯೋವಾ ಯಾವ ಹೋಬಳಿ ಎಂದು ಯೋಚಿಸುತ್ತಲೇ ಅವನು "ಎರಡು ಬಿಂದಿಗೆ ಅಕ್ಕಾ" ಅಂದ.

"ಎರಡು ಬಿಂದಿಗೆ ನಿಂಗೆ ಬೇಕು."

ಹೊರಗಿನ ಹತ್ತು ಜನರೂ ನಕ್ಕರು. ಗೌರಿ ಬಾಲ ಬೀಸಿದ್ದು ಹಾರಕ್ಕೆ ತಗುಲಿ ಸೇವಂತಿಗೆ ಉದುರಿದವು. ಅವಮಾನವಾಯಿತೇನೋ, ನಂಜಪ್ಪ ತಿರುಗಿಸಿ ಹೇಳಿದ:

"ಎಷ್ಟೆಲ್ಲ ಕೇಳ್ತೀಯ ಅಕ್ಕಾ! ನಿನ್ ಹೆಸರೇ ಪಟ್ಟೀಲಿ ಇಲ್ವಂತೆ. ಓಟಿಲ್ದೋರು ಹಿಂಗೆ ಪರೀಕ್ಷೆ ಮಾಡಿದ್ರೆ, ಓಟಿರೋರು ನನ್ನ ಗಂಟ್ಲು ಹಿಸುಕ್ತಾರೆ!"

ಹಾಲಿನ ಸದ್ದು ನಿಂತಿತು. ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಅಕ್ಕ ಎದ್ದದ್ದನ್ನು ನನ್ನ ಎಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಅವತ್ತು ಗುರುವಾರ.

ಅವರೆಲ್ಲ ಹೋದ ಮೇಲೆ ನನಗೆ ರೇಗಿತು. "ಅವನು ಹೇಳಿದ್ದರಲ್ಲಿ ತಪ್ಪೇನು? ಹಿಮದಲ್ಲಿ ಆ ಮುದುಕಿ ಹೋಗಿ ನಿಂತಳು. ನೀನು ನೂರು ಹೆಜ್ಜೆ ನಡೆದು ಒಂದು ಕಾಗದಕ್ಕೆ ಸಹಿ ಹಾಕಲಾರೆಯಾ? ನಾಳೆ ಕೊನೇ ದಿನ. ವಾಟ್ ಈಸ್ ಯುವರ್ ಪ್ರಾಬ್ಲಮ್?" ಸಿಟ್ಟು ಬಂದರೆ ನನಗೆ ಇಂಗ್ಲಿಷೇ ಬರುವುದು.

ಅಕ್ಕ ಕ್ಯಾನಿನ ಮುಚ್ಚಳವನ್ನು ಒರೆಸುತ್ತ ಕೂತಳು. ಒರೆಸಿದ್ದನ್ನೇ ಒರೆಸಿದಳು.

"ಬೆಳಿಗ್ಗೆ ಸೆಕ್ರೆಟರಿ ಏನಂತ ಕೂಗ್ತಾನೆ, ಕೇಳಿಸ್ಕೊಂಡಿದೀಯಾ?"

ಕೇಳಿಸಿಕೊಂಡಿದ್ದೆ. ಕಂಪ್ಯೂಟರ್ ಬಂದ ಮೇಲೂ ಅವನಿಗೆ ಹಳೆಯ ಅಭ್ಯಾಸ. ಹಾಲು ಅಳೆದ ಕೂಡಲೆ ಸದಸ್ಯರ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. "ಮುನಿವೆಂಕಟಪ್ಪಾ! ಆರೂವರೆ ಲೀಟ್ರು!"

"ನಿಂಗೆ ಅವ್ರು ಭಾವ. ಮಗಳಿಗೆ ಅಪ್ಪ. ಊರಿಗೆ ಯಜಮಾನ್ರು. ನಾನಂತೂ ಹೆಸರು ಹೇಳೋ ಹಂಗಿಲ್ಲ, ಹೇಳಿಲ್ಲ. ಅವ್ರ ಹೆಸರನ್ನ ಕೂಗೋದು ಅದೊಂದೇ ಕಡೆ ಕಣೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಕೂಗಿದ ತಕ್ಷಣ, ಇಲ್ಲೇ ಹಿಂದೆ ಬೀಡಿ ಸೇದ್ತಾ ನಿಂತವ್ರೇನೋ, ಈಗ 'ಓ' ಅಂತಾರೇನೋ ಅನ್ಸುತ್ತೆ. ನನ್ ಹೆಸರಿಗೆ ಮಾಡ್ಕೊಂಡ್ರೆ ಅವ್ರನ್ನ ಕೂಗೋರು ಯಾರು?"

ನನ್ನ ಇಂಗ್ಲಿಷ್ ಎಲ್ಲಿಗೆ ಹೋಯಿತೋ! ನಲವತ್ತು ವರ್ಷ ಮೊದಲ ಕ್ಯಾನು ಏಕೆ ಅವಳದೆಂದು ನಾನು ಕೇಳಿರಲಿಲ್ಲ. ಭಾವ ಇದ್ದಾಗ ಅವರು ಇಡುತ್ತಿದ್ದರು, ಜೊತೆಗೆ ಇವಳು. ಆಮೇಲಿನ ಒಂಬತ್ತು ವರ್ಷ ಯಾರೂ ಅವಳಿಗಿಂತ ಮುಂಚೆ ಎದ್ದು ಬರಲಾಗದ್ದಕ್ಕೆ ಕಾರಣ ಹಾಲಲ್ಲ.

ನಾನು ಮತ್ತೆ ಅರ್ಜಿಯ ಮಾತು ಎತ್ತಲಿಲ್ಲ. ಯಾವ ಬಾಯಲ್ಲಿ ಎತ್ತಲಿ?

ಶುಕ್ರವಾರ ಬೆಳಿಗ್ಗೆ ಹಾಲು ಹಾಕಿ ಬಂದು, ಮುಖ ತೊಳೆದು, ಮಗಳು ಕೊಡಿಸಿದ್ದ ಸೀರೆ ಉಟ್ಟು ಅಕ್ಕ ಬಾಗಿಲಲ್ಲಿ ನಿಂತಳು. "ನಡೀಯೇ. ಆಧಾರ್ ಕಾರ್ಡು ಇಟ್ಕೊಂಡಿದೀನಿ."

"ನಿಜವಾಗಲೂ ಅಕ್ಕಾ?"

"ಹಿಂದೆ ನಿಂತೋರೆಲ್ಲ ನನ್ನ ನೋಡ್ಕೊಂಡು ಹಾಕ್ತೀವಿ ಅಂತಾರಲ್ಲೇ. ನಾನೇ ಹಾಕ್ದೆ ಅವ್ರಿಗೆ ಏನು ತೋರ್ಸ್ಲಿ?"

ಡೈರಿಯಲ್ಲಿ ಸೆಕ್ರೆಟರಿ ಎದ್ದು ಕುರ್ಚಿ ಕೊಟ್ಟ. ಅರ್ಜಿ ತುಂಬುತ್ತ "ತೀರಿಕೊಂಡ ಸದಸ್ಯರ ಹೆಸರು?" ಎಂದು ಓದಿದ. ಅವನಿಗೆ ಗೊತ್ತಿಲ್ಲವೆ? ದಿನಕ್ಕೆರಡು ಸಲ ಕೂಗುವವನು! ಆದರೂ ಫಾರಂ ಕೇಳುತ್ತದೆ, ಅವನೂ ಕೇಳಿದ. ಅಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನನ್ನ ಮುಖ ನೋಡಿದಳು. ನಾನು ಹೇಳಿದೆ. ಕೆಳಗೆ ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಬೀಜ ನೆಟ್ಟ ಹಾಗೆ ನೆಟ್ಟಳು. ಪೊರೆ ಬಂದ ಕಣ್ಣು, ಗೆರೆ ದಾಟಿ ಹೋಯಿತು. ಸೆಕ್ರೆಟರಿ ಪರವಾಗಿಲ್ಲ ಅಂದ.

"ಮುಂದಿನ ತಿಂಗಳು ಒಂದನೇ ತಾರೀಕಿಂದ ಕಂಪ್ಯೂಟರ್‌ನಲ್ಲೂ ನಿನ್ ಹೆಸರೇ ಬರುತ್ತೆ ಅಕ್ಕಾ" ಎಂದ, ಸಂತೋಷದ ಸುದ್ದಿ ಎಂಬಂತೆ.

ಓಟಿನ ದಿನವೂ ಮೊದಲು ನಿಂತವಳು ಅವಳೇ, ಕೈಯಲ್ಲಿ ಕ್ಯಾನಿಲ್ಲ ಅಷ್ಟೆ. ಹೊರಗೆ ಬಂದ ತಕ್ಷಣ ನಾರಾಯಣಮ್ಮ ಮುತ್ತಿಗೆ ಹಾಕಿದಳು. "ಯಾರಿಗಕ್ಕಾ? ಬೇಗ ಹೇಳು, ನನ್ ಸರದಿ ಬಂತು!"

"ಮೂರು ಸಲ ಕರೆಸಿ, ಕೂರಿಸಿ, ಕೇಳಿದೀನಲ್ಲ. ನೀನೂ ಗೋಡೆ ಆಚೆಯಿಂದ ಎಲ್ಲಾನೂ ಕೇಳಿಸ್ಕೊಂಡಿದೀಯ. ನಿನ್ ಕೆಮ್ಮು ನಂಗೆ ಗೊತ್ತಿಲ್ವಾ? ಹೋಗು, ನಿಂಗೆ ಸರಿ ಕಂಡೋರಿಗೆ ಹಾಕು."

ನಾರಾಯಣಮ್ಮ ಮೊದಲ ಬಾರಿಗೆ ಪರೀಕ್ಷೆಗೆ ಕೂತ ಹುಡುಗಿಯ ಮುಖ ಮಾಡಿಕೊಂಡು ಒಳಗೆ ಹೋದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತಿದ್ದ ನಂಜಪ್ಪನನ್ನು ತಡೆದು "ಏಮಯ್ಯಾ, ಹಸೂಗೆ ಎಷ್ಟು ನೀರು ಬೇಕು, ಈಗ್ಲಾದ್ರೂ ಗೊತ್ತಾಯ್ತಾ?" ಎಂದು ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ! ಅವನು "ಹತ್ತು ಬಿಂದಿಗೆನಾದ್ರೂ ಬೇಕಕ್ಕಾ" ಎಂದ. ಓದಿಕೊಂಡು ಬಂದಿದ್ದ! ಗೆದ್ದವರು ಯಾರು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಅಕ್ಕ ಯಾರಿಗೆ ಹಾಕಿದಳೋ ನನಗೂ ಹೇಳಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಕೋಲಾರಕ್ಕೆ ಬಂದವಳೇ ಆ ಬಿಳೀ ಕಾರಿನವರ ಮನೆ ಹುಡುಕಿಕೊಂಡು ಹೋಗಿ, ಹೆಸರು ಕೇಳಿ, ಕೈ ಕುಲುಕಿ ಬಂದೆ. ಅವರು ಗಾಬರಿಯಾದರು.

ಒಂದನೇ ತಾರೀಕಿನ ಬೆಳಿಗ್ಗೆ ನಾನು ಬೇಕೆಂದೇ ಅಕ್ಕನ ಜೊತೆಗಿದ್ದೆ. ಮಂಜು ಸುರಿಯುತ್ತಿತ್ತು. ಮೊದಲ ಕ್ಯಾನು. ಹಾಲು ಅಳೆದಾಯಿತು. ಸೆಕ್ರೆಟರಿ ಪರದೆ ನೋಡಿ, ಅಕ್ಕನ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಅಕ್ಕ ಅಲುಗಲಿಲ್ಲ. ಇನ್ನೂ ಯಾವುದೋ ಕೂಗಿಗೆ ಕಾಯುವವಳ ಹಾಗೆ ನಿಂತೇ ಇದ್ದಳು. ಇಡೀ ಕ್ಯೂ ನಿಂತಿತು. ನಾರಾಯಣಮ್ಮ ಮೆಲ್ಲಗೆ ಮೊಣಕೈ ತಾಗಿಸಿ "ಅಕ್ಕಾ, ನಿನ್ನೇ" ಎಂದಳು.

"ಓ" ಎಂದಳು ಅಕ್ಕ. ಖಾಲಿ ಕ್ಯಾನು ತೆಗೆದುಕೊಂಡಳು.

ಮನೆಯ ಕಡೆ ಹೊರಟೆವು. ಮಾವಿನ ತೋಪಿನ ಮಗ್ಗುಲಿಗೆ ಬಂದಾಗ ಅಕ್ಕ ನಿಂತಳು. ಹಿಂದೆ ನೋಡಿದಳು, ಮುಂದೆ ನೋಡಿದಳು. ಯಾರೂ ಇಲ್ಲ. ಕ್ಯಾನನ್ನು ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಸೆಕ್ರೆಟರಿಯ ಧಾಟಿಯಲ್ಲೇ, ಆದರೆ ಸಣ್ಣ ದನಿಯಲ್ಲಿ ಕೂಗಿದಳು:

"ಮುನಿವೆಂಕಟಪ್ಪಾ! ಆರೂವರೆ ಲೀಟ್ರು!"

ಎಪ್ಪತ್ತೆಂಟು ವರ್ಷದ ಆ ಮುಖ ಮದುವಣಗಿತ್ತಿಯ ಹಾಗೆ ಕೆಂಪಾಯಿತು. ಸ್ವಲ್ಪ ಹೊತ್ತು ಮಂಜಿನೊಳಗೆ ಕಿವಿಗೊಟ್ಟು ನಿಂತಿದ್ದು, ಆಮೇಲೆ ಕಾನ್ವೆಂಟಿನಲ್ಲಿ ಓದಿದ ತನ್ನ ತಂಗಿಯ ಕಡೆ ತಿರುಗಿ, ಪಾಠ ಒಪ್ಪಿಸಿದ ಮಗುವಿನಂತೆ ಕೇಳಿದಳು:

"ನಾನು ಸರಿಯಾಗಿ ಅಂದ್ನೇನೇ?"